ಆ ಮೈನಸ್ ಯಾಕೆ?

ನಾನು ಆಪ್ತಸಮಾಲೋಚಕಿ. ಓದಿಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಳಸುವುದರ ಸುತ್ತ ನಡೆದ ಈ ಪ್ರಕರಣದ ಹುಡುಗಿಯನ್ನು ಭವ್ಯ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು ಯಾವುದೆಂದು ಹೇಳುವುದಿಲ್ಲ, ಶಿಡ್ಲಘಟ್ಟದ ಕಡೆಯದು ಎಂದಷ್ಟು ತಿಳಿದರೆ ಸಾಕು. ಗುರುತು ಹತ್ತದಂತೆ ಇನ್ನೂ ನಾಲ್ಕಾರು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳ ಒಪ್ಪಿಗೆಯೂ ಅವಳ ತಾಯಿಯ ಒಪ್ಪಿಗೆಯೂ ಇದೆ.

ಮೊದಲು ಬಂದವರು ತಾಯಿ, ಒಬ್ಬರೇ. ಚಿಕ್ಕಬಳ್ಳಾಪುರದಲ್ಲಿ ನಾನು ಶನಿವಾರ ಕೂರುವ ಕೋಣೆಯನ್ನು ಅವರಿವರಲ್ಲಿ ಕೇಳಿ ಹುಡುಕಿಕೊಂಡು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು: "ಮಗಳು ಕಾಲೇಜಿಗೆ ಹೋಗುವುದಿಲ್ಲ ಎನ್ನುತ್ತಾಳೆ ಮೇಡಂ. ಹನ್ನೊಂದು ದಿನ ಆಯಿತು. ಬೆಳಗ್ಗೆ ಎದ್ದರೆ ಹೊಟ್ಟೆನೋವು. ಬಸ್ ಹೋದ ಮೇಲೆ ನೋವೂ ಹೋಗುತ್ತದೆ." ವೈದ್ಯರು ನೋಡಿ ಏನೂ ಇಲ್ಲ ಎಂದಿದ್ದರಂತೆ. ದೃಷ್ಟಿ ತೆಗೆದದ್ದೂ ಆಗಿತ್ತು, ಹರಕೆ ಹೊತ್ತದ್ದೂ ಆಗಿತ್ತು. ಗಂಡನ ತೀರ್ಪು ಮಾತ್ರ ಮೊದಲ ದಿನವೇ ಬಂದಿತ್ತು: "ಮೊಬೈಲ್ ಕೈಗೆ ಕೊಟ್ಟು ನಾನೇ ಕೆಡಿಸಿದೆ."

ಮುಂದಿನ ಶನಿವಾರ ಭವ್ಯ ಬಂದಳು. ಹದಿನೇಳು ತುಂಬಲು ಎರಡು ತಿಂಗಳಿತ್ತು. ಮೊದಲ ಪಿಯುಸಿ, ವಿಜ್ಞಾನ. ಹತ್ತನೆಯ ತರಗತಿಯವರೆಗೆ ಓದಿದ್ದು ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ, ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲು. ಮನೆಯ ಮಾತು ತೆಲುಗು. ಈ ಜಿಲ್ಲೆಯಲ್ಲಿ ಅದೇನೂ ವಿಶೇಷವಲ್ಲ. ಅಜ್ಜಿಯ ಹತ್ತಿರ ತೆಲುಗು, ಮೇಷ್ಟ್ರ ಹತ್ತಿರ ಕನ್ನಡ, ಪಿಯು ವಿಜ್ಞಾನಕ್ಕೆ ಸೇರಿದ ದಿನದಿಂದ ಪುಸ್ತಕದಲ್ಲೂ ಬೋರ್ಡಿನ ಮೇಲೂ ಇಂಗ್ಲಿಷ್. ಅಪ್ಪನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ಬೋರ್‌ವೆಲ್ ಕೊರೆಸಿದ ಸಾಲ. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್, ಹಗಲು ಅಪ್ಪನದು. ಗೂಡು ಮಾರುಕಟ್ಟೆಯ ದರ ಕೇಳುವುದೂ ಅದರಲ್ಲೇ. ಸಂಜೆಯಿಂದ ಭವ್ಯಳದು.

ಕಾಲೇಜು ಬಿಟ್ಟ ಕಾರಣ ಹೊರಬರಲು ಮುಕ್ಕಾಲು ಗಂಟೆ ಹಿಡಿಯಿತು. ಭೌತಶಾಸ್ತ್ರದ ಅಸೈನ್‌ಮೆಂಟ್ ಪುಸ್ತಕ ತಿದ್ದಿ ಕೊಡುವಾಗ ಉಪನ್ಯಾಸಕರು ಇವಳದನ್ನು ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು, ವಿವರಿಸು ಎಂದಿದ್ದಾರೆ. ಇವಳು ಸುಮ್ಮನೆ ನಿಂತಿದ್ದಾಳೆ. ಇನ್ನೊಂದು ಸಾಲು, ಅದಕ್ಕೂ ಮೌನ. "ನಾಳೆ ಇದನ್ನು ಬರೆದವರನ್ನೇ ಕರೆದುಕೊಂಡು ಬಾಮ್ಮ" ಎಂದರಂತೆ. ತರಗತಿ ಗೊಳ್ಳೆಂದಿತು. ಮಾರನೆಯ ಬೆಳಗ್ಗೆಯಿಂದ ಹೊಟ್ಟೆನೋವು.

ಬರೆದದ್ದು ಅವಳ ಕೈ, ಬರೆಸಿದ್ದು ಫೋನಿನ ಎಐ ಆ್ಯಪ್. ಪಾಠದ ಪ್ರಶ್ನೆಯ ಫೋಟೊ ತೆಗೆದು ಹಾಕಿದರೆ ಹತ್ತು ಸೆಕೆಂಡಿನಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ಉತ್ತರ ಬರುತ್ತಿತ್ತು. ಅದನ್ನು ಇವಳು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು. ಅಸೈನ್‌ಮೆಂಟಿಗೆ ಹತ್ತಕ್ಕೆ ಹತ್ತು, ಮಧ್ಯಾವಧಿ ಪರೀಕ್ಷೆಯಲ್ಲಿ ಎಪ್ಪತ್ತಕ್ಕೆ ಹದಿನಾಲ್ಕು. ಯಾವ ಉಪನ್ಯಾಸಕರಿಗಾದರೂ ಅನುಮಾನ ಬರಲೇಬೇಕು. ಅನುಮಾನವನ್ನು ಅವರು ತೀರಿಸಿಕೊಂಡ ರೀತಿಯ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯವಿದೆ.

ಅವತ್ತು ಎಐ ವಿಷಯಕ್ಕೆ ನಾನು ಹೋಗಲಿಲ್ಲ. ಊಟ, ನಿದ್ದೆ, ಮುಟ್ಟು, ಗೆಳತಿಯರು, ಎಲ್ಲವನ್ನೂ ಕೇಳಿದೆ. ಸಾಯಬೇಕು ಎನಿಸಿದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ತಂದೆತಾಯಿ ಹೆದರುತ್ತಾರೆ, ಹಾಗಾಗುವುದಿಲ್ಲ. ಸುತ್ತಿ ಬಳಸಿ ಕೇಳಿದರೆ ಮಕ್ಕಳು ಸುತ್ತಿ ಬಳಸಿಯೇ ಉತ್ತರಿಸುತ್ತಾರೆ. "ಸಾಯಬೇಕು ಅಂತ ಅಲ್ಲ ಮೇಡಂ, ಯಾರ ಕಣ್ಣಿಗೂ ಬೀಳದ ಹಾಗೆ ಆಗಿಬಿಡಬೇಕು ಅನಿಸುತ್ತದೆ" ಎಂದಳು. ಈ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಕಂಡರೆ ಮಾತ್ರ ಅಮ್ಮನಿಗೆ ತಿಳಿಸುತ್ತೇನೆ, ಉಳಿದದ್ದು ಈ ಕೋಣೆ ದಾಟುವುದಿಲ್ಲ ಎಂದು ಅವಳಿಗೇ ಹೇಳಿದೆ.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ತಂದೆಯ ಮಾತಿಗೆ ಒಳಗೊಳಗೇ ತಲೆದೂಗಿ, ಎರಡು ವಾರ ಆ ಆ್ಯಪ್ ಮುಟ್ಟಬೇಡ ಎಂದುಬಿಟ್ಟೆ.

ಎರಡು ವಾರದ ಬಳಿಕ ಬಂದವಳ ಮುಖ ಇನ್ನಷ್ಟು ಇಳಿದಿತ್ತು. ಅಮ್ಮನ ಬಲವಂತಕ್ಕೆ ನಾಲ್ಕು ದಿನ ಕಾಲೇಜಿಗೆ ಹೋಗಿದ್ದಳು. ಸಂಜೆ ಪುಸ್ತಕ ತೆರೆದರೆ ಒಂದು ಪುಟ ದಾಟಲು ಒಂದು ಗಂಟೆ. ನಿಘಂಟು ನೋಡಿ ಪದದ ಅರ್ಥ ತಿಳಿದರೂ ವಾಕ್ಯದ ಅರ್ಥ ಆಗುತ್ತಿರಲಿಲ್ಲ. "ಅದೊಂದೇ ನನಗೆ ಕನ್ನಡದಲ್ಲಿ ಹೇಳಿಕೊಡುತ್ತಿತ್ತು ಮೇಡಂ" ಎಂದು ಅತ್ತಳು.

ಕಾಯಿಲೆ ಎಂದುಕೊಂಡು ನಾನು ಕಿತ್ತುಕೊಂಡಿದ್ದು ಊರುಗೋಲನ್ನು. ಕ್ಷಮೆ ಕೇಳಿದೆ. ದೊಡ್ಡವರು ಕ್ಷಮೆ ಕೇಳುವುದು ಅವಳಿಗೆ ಹೊಸದಿರಬೇಕು, ಕಣ್ಣೊರೆಸಿಕೊಂಡು ಗಾಬರಿಯಿಂದ ನೋಡಿದಳು. ಆ್ಯಪ್‌ನಿಂದ ಏನೇನು ಮಾಡಿಸಿಕೊಳ್ಳುತ್ತಿದ್ದೆ, ಮೊದಲಿನಿಂದ ಹೇಳು ಎಂದೆ.

ಜುಲೈನಲ್ಲಿ ಶುರುವಾದಾಗ ಕ್ರಮ ಹೀಗಿತ್ತು. ಪುಸ್ತಕದ ಪುಟದ ಫೋಟೊ ಹಾಕಿ, ಇದನ್ನು ಕನ್ನಡದಲ್ಲಿ ಹೇಳು ಎಂದು ಕೇಳುವುದು. ಓದಿ ತಿಳಿದುಕೊಳ್ಳುವುದು. ತಿಳಿದ ಮೇಲೆ, ಈ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಬರೆ ಎಂದು ಕೇಳಿ ನಕಲು ಮಾಡುವುದು. ದಸರಾ ರಜೆಯ ಹೊತ್ತಿಗೆ ಮೊದಲ ಎರಡು ಹೆಜ್ಜೆಗಳು ಬಿದ್ದುಹೋಗಿ ಕೊನೆಯದು ಮಾತ್ರ ಉಳಿದಿತ್ತು. ಯಾವ ದಿನ ಬಿದ್ದವು ಎಂದು ಅವಳಿಗೇ ನೆನಪಿಲ್ಲ. ಹುಳುಮನೆಯ ಕೆಲಸ ಹೆಚ್ಚಾದ ಒಂದು ವಾರ ಇರಬಹುದು ಎಂದಳು.

ಅವಳ ಅಸೈನ್‌ಮೆಂಟ್ ಪುಸ್ತಕವನ್ನು ತೆರೆಸಿದೆ. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು, ಅಲ್ಲಿಗೇ ಬಿಟ್ಟವಳು. ಆದರೂ ಮೇಲಕ್ಕೆಸೆದ ಕಲ್ಲಿನ ಲೆಕ್ಕ ಮರೆತಿರಲಿಲ್ಲ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆಸೆದ ಕಲ್ಲು ಎಷ್ಟು ಎತ್ತರ ಹೋಗುತ್ತದೆ? ಗುರುತ್ವವನ್ನು 10 ಎಂದು ಹಿಡಿದರೆ ಉತ್ತರ 20 ಮೀಟರ್. ಅವಳ ಪುಸ್ತಕದಲ್ಲಿ ಸರಿಯಾಗಿಯೇ ಇತ್ತು. ಒಂದು ಸಾಲಿನಲ್ಲಿ ಹತ್ತರ ಹಿಂದೆ ಮೈನಸ್ ಗುರುತು.

"ಈ ಮೈನಸ್ ಯಾಕೆ?"

ತುಂಬ ಹೊತ್ತು ನೋಡಿದಳು. "ಅದು ಹಾಗೇ ಬಂದಿತ್ತು ಮೇಡಂ."

ಮೇಜಿನ ಮೇಲೆ ಯಾರೋ ತಂದಿಟ್ಟ ನಿಂಬೆಹಣ್ಣಿತ್ತು. ಅದನ್ನು ಮೇಲೆಸೆದು ಹಿಡಿದೆ. ತುತ್ತತುದಿಯಲ್ಲಿ ಇದರ ವೆಲಾಸಿಟಿ ಎಷ್ಟು ಎಂದು ಕೇಳಿದೆ. ತಲೆ ಕೆಳಗೆ ಹಾಕಿದಳು. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ: ವೇಗ ಎಷ್ಟು? "ಸೊನ್ನೆ" ಎಂದು ತಟ್ಟನೆ ಬಂತು. ಜವಕ್ಕೂ ವೇಗಕ್ಕೂ ಏನು ವ್ಯತ್ಯಾಸ? "ವೇಗಕ್ಕೆ ದಿಕ್ಕಿದೆ, ಜವಕ್ಕಿಲ್ಲ." ಒಂಬತ್ತನೆಯ ತರಗತಿಯ ಪಾಠ, ಅಚ್ಚೊತ್ತಿದಂತೆ ಕುಳಿತಿತ್ತು. ಸ್ಪೀಡ್, ವೆಲಾಸಿಟಿ, ಆಕ್ಸಿಲರೇಷನ್ ಎಂದರೆ ಬಾಯಿ ಕಟ್ಟುವ ಹುಡುಗಿಗೆ ಜವ, ವೇಗ, ವೇಗೋತ್ಕರ್ಷ ಚೆನ್ನಾಗಿ ಗೊತ್ತು. ಏನೂ ಬಾರದವಳು ಎಂದು ತರಗತಿ ನಕ್ಕಿತ್ತಲ್ಲ!

ಸರಿ, ತುದಿಯಲ್ಲಿ ವೇಗೋತ್ಕರ್ಷ ಎಷ್ಟು? "ಅದೂ ಸೊನ್ನೆ." ಇದು ತಪ್ಪು. ಕಲ್ಲು ಮೇಲೆ ನಿಂತ ಕ್ಷಣದಲ್ಲೂ ಭೂಮಿ ಅದನ್ನು ಅಷ್ಟೇ ಬಲವಾಗಿ ಕೆಳಗೆಳೆಯುತ್ತಿರುತ್ತದೆ, ವೇಗೋತ್ಕರ್ಷ ಬದಲಾಗುವುದೇ ಇಲ್ಲ. ಮೇಲಿನ ದಿಕ್ಕನ್ನು ಪ್ಲಸ್ ಎಂದು ಹಿಡಿದದ್ದಕ್ಕೆ ಕೆಳಗಿನದು ಮೈನಸ್. ನಾನು ಹೇಳಿಕೊಡಲಿಲ್ಲ. ಸೊನ್ನೆಯಾಗಿದ್ದರೆ ಹಣ್ಣು ಏನು ಮಾಡಬೇಕಿತ್ತು ಎಂದಷ್ಟೇ ಕೇಳಿದೆ. ನಿಂಬೆಹಣ್ಣನ್ನು ತಾನೇ ಎರಡು ಸಲ ಎಸೆದು ಹಿಡಿದಳು. ಮೂರನೆಯ ಸಲ ಕೈಯಲ್ಲೇ ಇಟ್ಟುಕೊಂಡು, "ಅಲ್ಲೇ ನಿಂತುಬಿಡಬೇಕಿತ್ತು" ಎಂದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮುಂದಿನ ಭೇಟಿಗೆ ತಂದೆಯನ್ನೂ ಕರೆಸಿದೆ. ಗೂಡು ಮಾರಿದ ಮಾರನೆಯ ದಿನ, ಮನಸ್ಸು ಸ್ವಲ್ಪ ಹಗುರವಿದ್ದಾಗ ಬಂದರು. "ಇದನ್ನು ಪೂರ್ತಿ ತೆಗೆಸಿಬಿಡಿ ಮೇಡಂ" ಎಂದು ಫೋನನ್ನು ಮೇಜಿನ ಮೇಲಿಟ್ಟರು. ತೆಗೆಯುವ ಮೊದಲು ನೀವೇ ಒಂದು ಪ್ರಶ್ನೆ ಕೇಳಿ ನೋಡಿ, ನಿಮ್ಮ ಕಸುಬಿನದೇ ಆಗಲಿ ಎಂದೆ. ಅವರು ಹೇಳಿದರು, ಮಗಳು ಬೆರಳಾಡಿಸಿದಳು: ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ, ಏನು ಮಾಡಬೇಕು?

ರೇಷ್ಮೆ ಬೆಳೆಯದವರಿಗೆ ಒಂದು ಮಾತು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಬೆಳೆಗಾರರು ಅದನ್ನು ಜ್ವರ ಎನ್ನುತ್ತಾರೆ. ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಆ್ಯಪ್ ಎಲ್ಲಿಯೂ ತಡವರಿಸಲಿಲ್ಲ. ಜ್ವರ ಬಂದ ಹುಳುಗಳನ್ನು ಕೂಡಲೇ ಬೇರ್ಪಡಿಸಿ, ಸೋಂಕು ಹರಡದಂತೆ ತಟ್ಟೆಗಳನ್ನು ಶುದ್ಧಗೊಳಿಸಿ, ತೀವ್ರವಾಗಿದ್ದರೆ ನಾಶಪಡಿಸಿ, ತಾಜಾ ಸೊಪ್ಪು ಹೆಚ್ಚು ಕೊಡಿ, ಹತ್ತಿರದ ಅಧಿಕಾರಿಯನ್ನು ಸಂಪರ್ಕಿಸಿ. ಐದು ಅಂಶ, ದಪ್ಪ ಅಕ್ಷರದ ಉಪಶೀರ್ಷಿಕೆ ಸಮೇತ. ಅವರು ಕುರ್ಚಿ ಹಿಂದಕ್ಕೆ ಸರಿಸಿ ನಕ್ಕರು. ನಗು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು. "ಜ್ವರಕ್ಕೆ ಕೂತಾಗ ಸೊಪ್ಪು ಹಾಕಲೇಬಾರದು. ಹಾಸಿಗೆ ಒಣಗಿರಲಿ ಅಂತ ಸುಣ್ಣ ಉದುರಿಸುತ್ತೇವೆ, ಅಷ್ಟೇ. ಹೊಸಬ ಯಾರಾದರೂ ಇದನ್ನು ನಂಬಿ ಹುಳು ಎತ್ತಿ ತಿಪ್ಪೆಗೆ ಹಾಕಿದರೆ?"

ಭವ್ಯ ಫೋನನ್ನೇ ನೋಡುತ್ತಿದ್ದಳು. "ಇಲ್ಲಿ ತಪ್ಪು ಅಂತ ನಮಗೆ ಗೊತ್ತಾಯಿತು. ಫಿಸಿಕ್ಸ್‌ನಲ್ಲಿ ಯಾವುದು ಜ್ವರ ಅಂತ ನನಗೆ ಗೊತ್ತಾಗುವುದಿಲ್ಲವಲ್ಲ."

ಇಡೀ ಪ್ರಕರಣದಲ್ಲಿ ನಾನು ಬರೆದಿಟ್ಟುಕೊಂಡ ಮಾತು ಇದೊಂದೇ. ನಾನು ಅರ್ಧ ಗಂಟೆ ವಿವರಿಸಬೇಕೆಂದಿದ್ದುದನ್ನು ಅವಳು ಒಂದು ಉಸಿರಿನಲ್ಲಿ ಹೇಳಿಬಿಟ್ಟಳು. ಉಳಿದದ್ದನ್ನು ಸೇರಿಸಿದೆ: ಈ ಯಂತ್ರ ಅಪಾರ ಬರಹವನ್ನು ಓದಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ಪೋಣಿಸುತ್ತಾ ಹೋಗುತ್ತದೆ. ಓದಿಸಿದ ರಾಶಿಯಲ್ಲಿ ಇಂಗ್ಲಿಷ್ ಗುಡ್ಡದಷ್ಟು, ಕನ್ನಡ ಬೊಗಸೆಯಷ್ಟು. ಹುಳುಮನೆಯ ಕನ್ನಡವಂತೂ ಬರಹಕ್ಕೆ ಬರುವುದೇ ಅಪರೂಪ. ಜ್ವರ ಎಂಬ ಪದದ ಹತ್ತಿರ ಅದಕ್ಕೆ ಸಿಕ್ಕಿದ್ದು ಸೋಂಕು, ಔಷಧ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಅದು ಒಂದೇ ಗತ್ತಿನಲ್ಲಿ ಹೇಳುತ್ತದೆ, ನಮ್ಮ ಕೆಲವು ನೆಂಟರ ಹಾಗೆ. ಭವ್ಯ ಮತ್ತೆ ಟೈಪ್ ಮಾಡಿದಳು: ಇಲ್ಲಿ ಜ್ವರ ಎಂದರೆ ಪೊರೆ ಬಿಡುವುದು. ಕ್ಷಮೆ ಕೇಳಿ, ಸೊಪ್ಪು ನಿಲ್ಲಿಸಿ, ಸುಣ್ಣ ಉದುರಿಸಿ, ಹೆಚ್ಚಿನ ಹುಳುಗಳು ಎದ್ದ ಮೇಲೆ ಸೊಪ್ಪು ಕೊಡಿ ಎಂದಿತು. ಅಪ್ಪ ಹುಬ್ಬೇರಿಸಿದರು. "ಹೇಳಿಕೊಟ್ಟರೆ ಕಲಿಯುತ್ತದೆ" ಎಂದರು. ಹಾಗೇನೂ ಕಲಿಯುವುದಿಲ್ಲ, ಆ ಸಂಭಾಷಣೆಯ ಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ ಅಷ್ಟೇ. ಅದನ್ನು ಹೇಳಿ ಅವರ ಸಂತೋಷ ಕೆಡಿಸಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡರು, ತೆಗೆಸಿಬಿಡಿ ಎನ್ನುವ ಮಾತು ಮತ್ತೆ ಬರಲಿಲ್ಲ.

ಭವ್ಯಳಿಗೆ ಆದದ್ದು ಅವಳೊಬ್ಬಳ ಸೋಮಾರಿತನವಲ್ಲ ಎಂದು ತಂದೆಗೆ ತೋರಿಸಲು ಒಂದು ಅಧ್ಯಯನದ ವಿಷಯ ಹೇಳಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತುರ್ಕಿಯ ಪ್ರೌಢಶಾಲಾ ಮಕ್ಕಳು ಸುಮಾರು 1000 ಮಂದಿಯನ್ನು ಗಣಿತದಲ್ಲಿ ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು. ಕೇಳಿದ್ದಕ್ಕೆ ಉತ್ತರ ಹೇಳಿಬಿಡುವ ಎಐ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಎಐ ಇಲ್ಲದವರಿಗಿಂತ ಶೇಕಡಾ 48ರಷ್ಟು ಮೇಲಿದ್ದರು. ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ ಅವರೇ ಶೇಕಡಾ 17ರಷ್ಟು ಕೆಳಗೆ ಬಿದ್ದರು. ಇನ್ನೊಂದು ಗುಂಪಿಗೆ ಕೊಟ್ಟದ್ದು ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಎಐ. ಆ ಗುಂಪು ಅಭ್ಯಾಸದಲ್ಲಿ ಶೇಕಡಾ 127ರಷ್ಟು ಮೇಲೇರಿತು, ಪರೀಕ್ಷೆಯಲ್ಲಿ ಎಐ ಮುಟ್ಟದವರಿಗೆ ಹೆಚ್ಚುಕಡಿಮೆ ಸಮನಾಗಿ ನಿಂತಿತು. ಹತ್ತಕ್ಕೆ ಹತ್ತು, ಎಪ್ಪತ್ತಕ್ಕೆ ಹದಿನಾಲ್ಕು ಎಂಬ ಕಥೆ ತುರ್ಕಿಯಲ್ಲೂ ನಡೆದಿತ್ತು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣ್ಣಾಗದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ತೆಳುವಾಗುತ್ತದೆ" ಎಂದರು. ಹಣ್ಣಾಗುವುದೆಂದರೆ ಹುಳು ಗೂಡು ಕಟ್ಟಲು ಸಿದ್ಧವಾಗುವುದು, ಚಂದ್ರಿಕೆ ಎಂದರೆ ಅದು ಗೂಡು ಕಟ್ಟುವ ತಟ್ಟಿ. ಇದೇ ಮಾತನ್ನು ನಾನು ಆಡಿದ್ದರೆ ಉಪದೇಶವಾಗುತ್ತಿತ್ತು.

ಇಷ್ಟಾದರೂ ನನ್ನ ಮುಖ್ಯ ಪ್ರಶ್ನೆ ಉಳಿದೇ ಇತ್ತು. ಇಷ್ಟು ಜಾಣೆ ಆರು ತಿಂಗಳಲ್ಲಿ ಒಬ್ಬ ಉಪನ್ಯಾಸಕರನ್ನಾಗಲಿ, ಒಬ್ಬ ಗೆಳತಿಯನ್ನಾಗಲಿ ಒಂದೇ ಒಂದು ಸಂದೇಹ ಕೇಳಿಲ್ಲವೇಕೆ? ಅವಳೊಬ್ಬಳೇ ಇದ್ದಾಗ ಕೇಳಿದೆ. ಸೇರಿದ ಮೊದಲ ವಾರ ಒಮ್ಮೆ ಎದ್ದು ನಿಂತಿದ್ದಳಂತೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಶುರುಮಾಡಿ, ನಡುವೆ ಪದ ಸಿಗದೆ ಕನ್ನಡಕ್ಕೆ ಹೊರಳಿ, ಗಾಬರಿಯಲ್ಲಿ ಒಂದು ತೆಲುಗು ಪದವೂ ಬಂದುಬಿಟ್ಟಿತು. ಹಿಂದಿನ ಬೆಂಚಿನವರು ವಾರವಿಡೀ ಆ ಪದದಿಂದಲೇ ಅವಳನ್ನು ಕರೆದರು. ಮನೆಯ ತೆಲುಗಿನಲ್ಲೂ ಶಾಲೆಯ ಕನ್ನಡದಲ್ಲೂ ಒಂದೇ ಆಗಿರುವ ಪದ ಸಿಗ್ಗು. ಆ ಪದವನ್ನೇ ಅವಳು ಬಳಸಿದಳು. "ಅದು ನಗುವುದಿಲ್ಲ ಮೇಡಂ. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ."

ಬರಬರುತ್ತಾ ಪಾಠದ ಆಚೆಗೂ ಮಾತು ಬೆಳೆದಿತ್ತು. ಕಾಲೇಜು ಬಿಟ್ಟ ಹನ್ನೊಂದು ದಿನವೂ ರಾತ್ರಿ ಅದರ ಹತ್ತಿರವೇ ಹೇಳಿಕೊಂಡಿದ್ದಳು. ನನಗೆ ಆಶ್ಚರ್ಯವಾಗಲಿಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬವರು ಎಲೈಜಾ ಎಂಬ ಪುಟ್ಟ ಪ್ರೋಗ್ರಾಂ ಬರೆದಿದ್ದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ವಿದ್ಯೆ. ಅದು ತಯಾರಾದದ್ದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿಗೆ, ನೀವು ಹೊರಗೆ ಹೋಗುತ್ತೀರಾ ಎಂದು ಅವರನ್ನೇ ಕೇಳಿದರಂತೆ. ಕೇಳುವ ಕಿವಿಗೆ ಮನುಷ್ಯರು ಅಷ್ಟು ಹಸಿದಿರುತ್ತಾರೆ. ಭವ್ಯಳನ್ನು ನಾನು ಗದರಲಿಲ್ಲ. ದುಃಖ ಬಂದ ರಾತ್ರಿ ಅದರ ಹತ್ತಿರ ಹೇಳಿಕೊಂಡರೆ, ಬೆಳಗ್ಗೆ ಅಮ್ಮನಿಗೋ ನನಗೋ ಒಂದು ಸಾಲಾದರೂ ಹೇಳಬೇಕು ಎಂದು ಕೈ ಮೇಲೆ ಕೈ ಹಾಕಿಸಿಕೊಂಡೆ. ಊರು, ಹೆಸರು, ಗೆಳತಿಯರ ವಿಷಯ, ಆಧಾರ್, ಅಂಕಪಟ್ಟಿ, ತನ್ನ ಫೋಟೊ ಅದಕ್ಕೆ ಹಾಕಬಾರದು ಎಂದೂ ಹೇಳಿದೆ. ನಮ್ಮ 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಆ್ಯಪ್‌ನ ಖಾತೆ ಮಗಳ ಕೈಯಲ್ಲಿರುವುದು ಅಪ್ಪನಿಗೆ ಗೊತ್ತಿದ್ದು, ಅವರ ಒಪ್ಪಿಗೆಯಿಂದಲೇ ನಡೆಯಲಿ ಎಂದು ಅವರೆದುರೇ ತೀರ್ಮಾನವಾಯಿತು.

ಓದಿನ ವಿಷಯದಲ್ಲಿ ಕೊಟ್ಟ ಸಲಹೆ ಒಂದೇ ದಿನ ಕೊಟ್ಟದ್ದಲ್ಲ, ನಾಲ್ಕು ಶನಿವಾರಗಳಲ್ಲಿ ಅವಳೂ ನಾನೂ ಸೇರಿ ಕಟ್ಟಿದ್ದು.

ಲೆಕ್ಕ ಸಿಕ್ಕ ಕೂಡಲೇ ಫೋನ್ ಅಮ್ಮನ ಕೈಗೆ. ಹತ್ತು ನಿಮಿಷ ಪೆನ್ಸಿಲ್ ಹಿಡಿದು ಗುದ್ದಾಡಬೇಕು. ಬರದಿದ್ದರೂ ಚಿತ್ರ ಬರೆದು, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಗುರುತು ಹಾಕಬೇಕು. ಎಲ್ಲಿ ಸಿಕ್ಕಿಬಿದ್ದೆ ಎಂದು ಒಂದು ಸಾಲು ಬರೆದ ಮೇಲೆಯೇ ಫೋನ್ ವಾಪಸು. ಮೊದಲ ವಾರ ಹತ್ತು ನಿಮಿಷ ಅವಳಿಗೆ ಹತ್ತು ಗಂಟೆಯಾಯಿತು. ಐದಕ್ಕೆ ಇಳಿಸಿದೆವು, ಆಮೇಲೆ ಏರಿಸಿದೆವು.

ಫೋನಿಗೆ ಹಾಕುವ ಮಾತನ್ನೂ ಬದಲಿಸಿದೆವು. ಒಂದು ರಟ್ಟಿನ ಮೇಲೆ ಅವಳೇ ಬರೆದು ಓದುವ ಮೇಜಿನ ಎದುರು ಅಂಟಿಸಿಕೊಂಡಳು: "ನಾನು ಮೊದಲ ಪಿಯುಸಿ ವಿದ್ಯಾರ್ಥಿನಿ, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ್ದೇನೆ. ಈ ಲೆಕ್ಕದ ಉತ್ತರ ಹೇಳಬೇಡ. ನಾನು ಬರೆದದ್ದು ಇಲ್ಲಿದೆ, ಇಲ್ಲಿ ಸಿಕ್ಕಿಬಿದ್ದಿದ್ದೇನೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು, ನನ್ನ ಉತ್ತರಕ್ಕೆ ಕಾಯಿ. ನಾನು ತಪ್ಪಿದರೆ ಎಲ್ಲಿ ಎಂದು ಸುಳಿವು ಕೊಡು." ಹೀಗೆ ಕೇಳಿದರೆ ಅದೇ ಯಂತ್ರ ಬೇರೆ ಥರ ವರ್ತಿಸುತ್ತದೆ. 2025ರಿಂದ ಚಾಟ್‌ಜಿಪಿಟಿಯಲ್ಲಿ ಸ್ಟಡಿ ಮೋಡ್, ಜೆಮಿನಿಯಲ್ಲಿ ಗೈಡೆಡ್ ಲರ್ನಿಂಗ್ ಎಂದು ಇದೇ ಕೆಲಸಕ್ಕೆ ಪ್ರತ್ಯೇಕ ಗುಂಡಿಗಳು ಬಂದಿವೆ. ಆದರೆ ಗುಂಡಿ ಒತ್ತುವುದಕ್ಕೂ ಬಿಡುವುದಕ್ಕೂ ಒಂದೇ ಬೆರಳು ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ಯಾವ ಹುಡುಗನೂ ಅದನ್ನು ಒತ್ತುತ್ತಾನೆ ಎಂದು ನನಗೆ ನಂಬಿಕೆಯಿಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಅಮ್ಮನ ಕೈಯಲ್ಲಿರುವ ಫೋನಿನ ಮೇಲೆ.

ಮೂರು ಕಾಲಂಗಳ ಪದಪುಸ್ತಕವೊಂದನ್ನೂ ಮಾಡಿದಳು, ಅದು ಪೂರ್ತಿ ಅವಳದೇ ಯೋಚನೆ. ಮೊದಲ ಕಾಲಂನಲ್ಲಿ ಹತ್ತನೇ ತರಗತಿಯ ಕನ್ನಡ ಪದ, ಎರಡನೆಯದರಲ್ಲಿ ಇಂಗ್ಲಿಷ್ ಪದ, ಮೂರನೆಯದರಲ್ಲಿ ಮನೆಯಲ್ಲಿ ಕಂಡ ಉದಾಹರಣೆ. ವೇಗೋತ್ಕರ್ಷದ ಎದುರು ನಿಂಬೆಹಣ್ಣು. ಘರ್ಷಣೆಯ ಎದುರು, ಗೂಡಿನ ಚೀಲವನ್ನು ಟೆಂಪೊದ ಹಲಗೆಯ ಮೇಲೆ ಎಳೆಯುವುದು. ಪದಗಳ ಜೋಡಿಯನ್ನು ಎಐ ಹುಡುಕಿಕೊಡುತ್ತದೆ, ಸರಿಯೇ ಎಂದು ಹಳೆಯ ಕನ್ನಡ ಪಠ್ಯಪುಸ್ತಕ ಮತ್ತು ಈಗಿನ ಎನ್‌ಸಿಇಆರ್‌ಟಿ ಪುಸ್ತಕ ಎರಡನ್ನೂ ತೆರೆದು ಅವಳು ನೋಡುತ್ತಾಳೆ. ಎರಡು ಕಡೆ ಎಐ ಕೊಟ್ಟ ಕನ್ನಡ ಪದ ಪಠ್ಯಪುಸ್ತಕದ್ದಾಗಿರಲಿಲ್ಲ. ಹಿಡಿದಳು, ಹಿಡಿದದ್ದನ್ನು ನನಗೆ ತೋರಿಸಲು ಆ ವಾರ ಅರ್ಧ ಗಂಟೆ ಮೊದಲೇ ಬಂದು ಹೊರಗೆ ಕುಳಿತಿದ್ದಳು.

ರಾತ್ರಿ ಊಟದ ಮೇಲೆ ಪುಸ್ತಕ, ಫೋನ್ ಎರಡನ್ನೂ ಮುಚ್ಚಿ ಅವತ್ತಿನ ಒಂದು ವಿಷಯವನ್ನು ಅಜ್ಜಿಗೆ ತೆಲುಗಿನಲ್ಲಿ ಹೇಳುವುದು ಕೊನೆಯ ಪಾಠ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ತೋರಿಸಿದ ಸಂಗತಿಯೊಂದು ನನ್ನ ತಲೆಯಲ್ಲಿತ್ತು: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಅಜ್ಜಿಗೆ ಇದೆಲ್ಲ ಬೇಕಿಲ್ಲ. ಆಕೆ ಒಗಟು ಕೇಳುವಂತೆ ಅಡ್ಡ ಪ್ರಶ್ನೆ ಹಾಕುತ್ತಿದ್ದರಂತೆ. ಮೇಲಕ್ಕೆಸೆದ ಕಲ್ಲಿಗೆ ಕೆಳಗೆ ಬರಬೇಕೆಂದು ಯಾರು ಹೇಳಿದರು ಎಂಬ ಅವರ ಪ್ರಶ್ನೆಗೆ ಮೊಮ್ಮಗಳು ಎರಡು ದಿನ ತಗೊಂಡಳು.

ಇವೆಲ್ಲ ಸುಲಭ. ಕಷ್ಟವಿದ್ದದ್ದು ಉಪನ್ಯಾಸಕರ ಮುಂದೆ ಮತ್ತೆ ನಿಲ್ಲುವುದು. ವಾರಕ್ಕೆ ಒಂದೇ ಒಂದು ಪ್ರಶ್ನೆಯನ್ನು ಮನುಷ್ಯರನ್ನು ಕೇಳಬೇಕು ಎಂದು ಒಪ್ಪಂದ ಮಾಡಿಕೊಂಡೆವು. ಇದಕ್ಕೆ ಎಐ ನಿಜವಾಗಿಯೂ ಒದಗಿಬಂತು. ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು, ಸರಳ ಇಂಗ್ಲಿಷಿನಲ್ಲಿ ಎರಡು ಸಾಲು ಮಾಡಿಸಿಕೊಂಡು, ಅದು ಉಪನ್ಯಾಸಕನಂತೆ ಮರುಪ್ರಶ್ನೆ ಹಾಕಿದರೆ ಉತ್ತರಿಸುವುದನ್ನು ರೂಢಿಸಿಕೊಂಡಳು. ನಗದ ಯಂತ್ರದ ಮುಂದೆ ಅಭ್ಯಾಸ, ನಗಬಹುದಾದ ತರಗತಿಯಲ್ಲಿ ಪ್ರಯೋಗ. ನಡುವೆ ಪದ ಸಿಗದಿದ್ದರೆ ಕನ್ನಡದಲ್ಲೇ ಮುಗಿಸು, ಮಧ್ಯದಲ್ಲಿ ಕೂರಬೇಡ ಎಂಬುದು ನನ್ನ ಕಡೆಯ ಸೇರ್ಪಡೆ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರೂ ಭೌತಶಾಸ್ತ್ರದ ಮೇಷ್ಟ್ರೇ, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದವರು ಎಂದು ಅವಳಿಗೆ ನೆನಪಿಸಿದೆ. ಅವರ ಹೆಸರು ಅವಳಿಗೆ ಗೊತ್ತಿತ್ತು, ಅಷ್ಟು ಹತ್ತಿರದ ಊರಿನವರೆಂದು ಗೊತ್ತಿರಲಿಲ್ಲ.

ಅವಳ ಒಪ್ಪಿಗೆ ಪಡೆದು ಉಪನ್ಯಾಸಕರಿಗೆ ನಾನೂ ಒಮ್ಮೆ ಫೋನ್ ಮಾಡಿದೆ. ಜಗಳಕ್ಕೆ ಸಿದ್ಧಳಾಗಿಯೇ ಮಾಡಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಅವರು ಮೊದಲು ಸಿಡುಕಿದರು, ಆಮೇಲೆ ಬಿಚ್ಚಿ ಮಾತಾಡಿದರು. ಒಂದು ತರಗತಿಯಲ್ಲಿ ಎಂಬತ್ತರ ಹತ್ತಿರ ಮಕ್ಕಳು, ಅಸೈನ್‌ಮೆಂಟ್ ಪುಸ್ತಕಗಳೆಲ್ಲ ಒಂದೇ ಅಚ್ಚಿನ ಇಂಗ್ಲಿಷ್, ಯಾರಿಗೆ ಏನು ಗೊತ್ತು ಎಂದು ತಿಳಿಯುವ ದಾರಿಯೇ ಇಲ್ಲವಾಗಿದೆ ಎಂಬುದು ಅವರ ಸಂಕಟ. "ಅವತ್ತು ಹಾಗೆ ಹೇಳಬಾರದಿತ್ತು" ಎಂದು ತಾವಾಗಿಯೇ ಹೇಳಿದರು. ಯಾವ ಕೆಲಸಕ್ಕೆ ಎಐ ಬಳಸಿದೆ ಎಂದು ಪುಸ್ತಕದ ಕೊನೆಗೆ ಒಂದು ಸಾಲು ಬರೆಯಲಿ, ಬರೆದವರನ್ನು ನಾನು ಬೈಯುವುದಿಲ್ಲ ಎಂದ ಅವರ ಮಾತು ಆ ತರಗತಿಯ ಉಳಿದ ಮಕ್ಕಳಿಗೂ ಅನುಕೂಲವಾಯಿತು.

ಮೊದಲ ಪ್ರಶ್ನೆಗೆ ಆಯ್ದುಕೊಂಡದ್ದು ನಿಂಬೆಹಣ್ಣನ್ನೇ: ತುದಿಯಲ್ಲಿ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಯಾಕೆ ಸೊನ್ನೆಯಲ್ಲ? ಎದ್ದು ನಿಂತಳು, ಇಂಗ್ಲಿಷಿನ ಎರಡನೆಯ ಸಾಲಿನಲ್ಲಿ ತೊದಲಿದಳು, ಕನ್ನಡದಲ್ಲಿ ಮುಗಿಸಿದಳು. ಹಿಂದೆ ಇಬ್ಬರು ನಕ್ಕರಂತೆ. ಉಪನ್ಯಾಸಕರು ಆ ಇಬ್ಬರನ್ನೇ ಎಬ್ಬಿಸಿ ಉತ್ತರ ಹೇಳಿ ಎಂದರು. ಇಬ್ಬರೂ ಸೊನ್ನೆ ಎಂದರು.

ವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ ಪಾಸಾಯಿತು, ಹೇಳಿಕೊಳ್ಳುವಂಥ ಅಂಕವೇನಲ್ಲ. ಜೀವಶಾಸ್ತ್ರದಲ್ಲಿ ಚೆನ್ನಾಗಿ ಬಂತು. ರಸಾಯನಶಾಸ್ತ್ರ ಇನ್ನೂ ಕಾಡುತ್ತಿದೆ. ಅಲ್ಲಿ ಮಾತ್ರ ಎರಡು ಸಲ ಹಳೆಯ ಚಾಳಿಗೆ ಜಾರಿದೆ ಎಂದು ತಾನೇ ಬಂದು ಹೇಳಿದಳು. ಹೊಟ್ಟೆನೋವು ಜನವರಿಯಿಂದ ಬಂದಿಲ್ಲ.

ಕೊನೆಯ ಭೇಟಿಯ ದಿನ ಮೂರು ಕಾಲಂಗಳ ಪುಸ್ತಕ ತಂದಿದ್ದಳು. ಚಂದ್ರಿಕೆಯ ಮೇಲೆ ಹುಳು ಗೂಡು ಕಟ್ಟುವಾಗ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಲೆಯಾಡಿಸುತ್ತಾ ನೂಲು ಬಿಡುತ್ತದೆ. ಅದರ ಚಿತ್ರ ಬರೆದು, ತಿರುವಿನ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಕೇಳಿದಳು: "ಇಲ್ಲಿ ಹುಳುವಿನ ತಲೆಯ ವೇಗೋತ್ಕರ್ಷ ಯಾವ ಕಡೆಗೆ ಮೇಡಂ?"

ನನಗೆ ಗೊತ್ತಿಲ್ಲ ಎಂದೆ, ನೀನೇ ಹೇಳು ಎಂದೆ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಮೇಲೆ ಪೆನ್ಸಿಲ್ ಇಟ್ಟಳು. "ನನ್ನ ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ."